ಬೆಂಕಿ, ಹಾಲು, ರೊಟ್ಟಿ, ಸೌದೆ

ಜರ್ಮನಿಯ ಒಂದು ಕಾಡಿನ ಮಗ್ಗುಲಲ್ಲಿ ಬಡವರ ಮನೆ. ಅದರ ಹಿಂಬದಿಗೆ ಆತುಕೊಂಡ ಹಾಗೆ, ನೆಟ್ಟಗೆ ಕೂರಲೂ ಆಗದಷ್ಟು ತಗ್ಗಾದ ಒಂದು ಮರದ ಗೂಡು, ಪಕ್ಕದಲ್ಲೇ ಹಂದಿದೊಡ್ಡಿ. ಆ ಗೂಡಿನಲ್ಲಿ ಚಳಿಗಾಲವಿಡೀ ಒಬ್ಬ ಅಡಗಿ ಕುಳಿತಿದ್ದಾನೆ. ಎಂಟಡಿ ಎತ್ತರ, ಹಳದಿ ಚರ್ಮ, ಕಪ್ಪು ತುಟಿ. ಹಲಗೆಯ ಸಂದಿನಿಂದ ಮನೆಯೊಳಗನ್ನು ನೋಡುತ್ತಾನೆ. ಅಲ್ಲಿ ಒಬ್ಬ ಕುರುಡ ಮುದುಕ, ಅವನ ಮಗ, ಮಗಳು. ಅವರು ಬಾಯಿಂದ ಏನೇನೋ ಸದ್ದು ಮಾಡುತ್ತಾರೆ. ಒಬ್ಬರು ಮಾಡಿದ ಸದ್ದಿಗೆ ಇನ್ನೊಬ್ಬರ ಮುಖ ಅರಳುತ್ತದೆ, ಇಲ್ಲವೇ ಬಾಡುತ್ತದೆ. ಇದೊಂದು ವಿದ್ಯೆ, ಇದನ್ನು ಕಲಿತೇ ತೀರಬೇಕು ಎಂದು ಗೂಡಿನಲ್ಲಿರುವವನು ನಿರ್ಧರಿಸುತ್ತಾನೆ. ಹಲವು ಹುಣ್ಣಿಮೆಗಳು ಕಳೆದ ಮೇಲೆ ಅವನಿಗೆ ದಕ್ಕಿದ್ದು ನಾಲ್ಕು ಪದ: ಬೆಂಕಿ, ಹಾಲು, ರೊಟ್ಟಿ, ಸೌದೆ.

ಇದು ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ನಡುಭಾಗ. 1818ರ ಜನವರಿ 1ರಂದು ಲೇಖಕಿಯ ಹೆಸರಿಲ್ಲದೆ, ಮೂರು ಸಂಪುಟಗಳಲ್ಲಿ, ಬರೀ 500 ಪ್ರತಿಗಳಾಗಿ ಹೊರಬಂದ ಪುಸ್ತಕ ಅದು. ಅದನ್ನು ಓದಿದವರಿಗಿಂತ ಅದರ ಸಿನಿಮಾ ನೋಡಿದವರೇ ಹೆಚ್ಚು. 1931ರ ಚಿತ್ರದಲ್ಲಿ ಆ ರಾಕ್ಷಸನಾಗಿ ಬೋರಿಸ್ ಕಾರ್ಲಾಫ್ ಬರೀ ಗುರುಗುಟ್ಟುತ್ತಾನೆ. ಪುಸ್ತಕದ ಪಾತ್ರವಾದರೋ ಮಾತಿನ ಮಲ್ಲ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಓದಿಕೊಂಡವನು, ವಾದಕ್ಕೆ ನಿಂತರೆ ತನ್ನನ್ನು ಸೃಷ್ಟಿಸಿದ ವಿಜ್ಞಾನಿಯನ್ನೇ ಕಟ್ಟಿಹಾಕುವವನು. ಗಾಥಿಕ್ ಸಾಹಿತ್ಯದ ಕಠಿಣ ಪದಗಳನ್ನು ಕಲಿಯುವುದು ಹೇಗೆ ಎಂದು ಕೇಳುವವರಿಗೆ ಆ ಸಾಹಿತ್ಯವೇ ಕೊಡುವ ಅತ್ಯುತ್ತಮ ವಿದ್ಯಾರ್ಥಿ ಈ ರಾಕ್ಷಸ.

ಅವನ ಬಳಿ ನಿಘಂಟಿರಲಿಲ್ಲ. ಸದ್ದು ಕೇಳಿದ, ಅದು ಯಾವ ವಸ್ತುವಿನ ಬಳಿ ಹುಟ್ಟುತ್ತದೆಂದು ನೋಡಿದ, ಮತ್ತೆ ಕೇಳಿಸುವವರೆಗೆ ಕಾದ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಎಂ.ಎ. ಓದುವವರ ನೋಟ್‌ಬುಕ್ಕು ಇದಕ್ಕೆ ತೀರಾ ಉಲ್ಟಾ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅರ್ಥ, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಸೆಪಲ್ಕರ್ ಎಂದರೆ ಸಮಾಧಿ, ಸ್ಪೆಕ್ಟರ್ ಎಂದರೆ ಭೂತ, ಸ್ವೂನ್ ಎಂದರೆ ಮೂರ್ಛೆ ಹೋಗು. ಪರೀಕ್ಷೆಯ ಹಿಂದಿನ ರಾತ್ರಿ ಈ ಪಟ್ಟಿ ಬಾಯಿಪಾಠ. ಮರುವಾರ ಪದ ಮಾತ್ರ ನೆನಪು, ಯಾವುದು ಸಮಾಧಿ, ಯಾವುದು ಭೂತ ಎಂಬುದು ಕಲಸುಮೇಲೋಗರ.

ಆದರೂ ಪಟ್ಟಿ ಬೇಕೇ ಬೇಕು ಎನ್ನುವವರು ಅದನ್ನು ಅಕಾರಾದಿಯಾಗಿ ಬರೆಯುವುದಕ್ಕಿಂತ ಒಂದು ಕೋಟೆಯ ನಕ್ಷೆ ಬರೆದುಕೊಳ್ಳುವುದು ವಾಸಿ. ಈ ಸಾಹಿತ್ಯ ಹುಟ್ಟಿದ್ದೇ ಕಟ್ಟಡದಿಂದ. ಇಂಗ್ಲೆಂಡಿನ ಹಾರೇಸ್ ವಾಲ್ಪೋಲ್ ಪ್ರಧಾನಿಯ ಮಗ. ಥೇಮ್ಸ್ ದಂಡೆಯ ಟ್ವಿಕೆನ್‌ಹ್ಯಾಮ್‌ನಲ್ಲಿ ‘ಸ್ಟ್ರಾಬೆರಿ ಹಿಲ್’ ಎಂಬ ತನ್ನ ಮನೆಯನ್ನು ಮಧ್ಯಯುಗದ ಕೋಟೆಯ ಹಾಗೆ ಚೂಪುಕಮಾನು, ಬಣ್ಣದ ಗಾಜುಗಳಿಂದ ಕಟ್ಟಿಕೊಂಡಿದ್ದ ಆಸಾಮಿ. ಅಲ್ಲಿ ಬೀಳಬೇಕಾದ ಮಬ್ಬಿಗೆ ‘ಗ್ಲೂಮ್ತ್’ ಎಂಬ ಪದವನ್ನೂ ತಾನೇ ಟಂಕಿಸಿದ. 1764ರ ಡಿಸೆಂಬರ್‌ನಲ್ಲಿ ‘ದಿ ಕಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯನ್ನು ಅಚ್ಚು ಹಾಕಿಸಿದಾಗ, ಇದು 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದ ಇಟಾಲಿಯನ್ ಪುಸ್ತಕದ ಅನುವಾದ ಎಂದು ಹಸಿ ಸುಳ್ಳು ಹೇಳಿದ. ಜನ ಮೆಚ್ಚಿದ ಮೇಲೆ 1765ರ ಎರಡನೆಯ ಮುದ್ರಣದಲ್ಲಿ ಸತ್ಯ ಒಪ್ಪಿಕೊಂಡು, ಹೆಸರಿನ ಕೆಳಗೆ ‘ಒಂದು ಗಾಥಿಕ್ ಕಥೆ’ ಎಂದು ಸೇರಿಸಿದ. ಗಾಥರೆಂದರೆ ಕ್ರಿ.ಶ. 410ರಲ್ಲಿ ರೋಮ್ ನಗರವನ್ನು ಸೂರೆ ಮಾಡಿದ ಜನಾಂಗ. ಅವರಿಗೂ ಚೂಪುಕಮಾನಿನ ಚರ್ಚುಗಳಿಗೂ ಯಾವ ಸಂಬಂಧವೂ ಇಲ್ಲ. ಹಳೆಯ ಕಟ್ಟಡಗಳನ್ನು ಕಂಡರಾಗದ ಇಟಲಿಯ ಪಂಡಿತರು ಬೈಗುಳವಾಗಿ ಅಂಟಿಸಿದ ಹೆಸರದು. ಬೈಗುಳವೇ ಬಿರುದಾಯಿತು.

ಒಟ್ರಾಂಟೊದ ಮೊದಲ ಪುಟಗಳಲ್ಲೇ ಮದುಮಗನ ಮೇಲೆ ದೈತ್ಯಗಾತ್ರದ ಶಿರಸ್ತ್ರಾಣ ಬಿದ್ದು ಅವನು ಜಜ್ಜಿಹೋಗುತ್ತಾನೆ. ಮದುಮಗಳು ಇಸಬೆಲ್ಲಾ ಮಾವನ ಕಣ್ಣು ತಪ್ಪಿಸಿ ನೆಲದಡಿಯ ದಾರಿಯಲ್ಲಿ ಓಡುತ್ತಾಳೆ. ಅವಳ ಹಿಂದೆ ಓಡಿದ ಓದುಗನಿಗೆ ವಾಲ್ಟ್, ಟ್ರ್ಯಾಪ್‌ಡೋರ್, ಕ್ಲಾಯ್ಸ್ಟರ್ ಎಲ್ಲವೂ ಒಂದಾದ ಮೇಲೊಂದು ಕಾಲಿಗೆ ಸಿಗುತ್ತವೆ. ಚಿತ್ರದುರ್ಗ ಹತ್ತಿಬಂದ ಕನ್ನಡಿಗನಿಗೆ ಇದೇನೂ ಪರದೇಶವಲ್ಲ. ಬುರುಜು, ಬತೇರಿ, ಕೊತ್ತಳ, ತೆನೆ, ಕಂದಕ, ದಿಡ್ಡಿಬಾಗಿಲು, ನೆಲಮಾಳಿಗೆ, ಸುರಂಗ ಇವೆಲ್ಲ ಅವನ ಬಳಿ ಆಗಲೇ ಇವೆ. ಎದುರಿಗೆ ಇಂಗ್ಲಿಷ್ ಚೀಟಿ ಅಂಟಿಸುವುದೊಂದೇ ಬಾಕಿ. ಮೊಂಡಾಟ ಮಾಡುವುದು ‘ಪೋರ್ಟ್‌ಕಲಿಸ್’ನಂಥ ಒಂದೆರಡು ಮಾತ್ರ. ಅದು ಹೆಬ್ಬಾಗಿಲಲ್ಲಿ ಮೇಲಿನಿಂದ ಸರಪಳಿಯ ಮೂಲಕ ಇಳಿಬಿಡುವ, ಕೆಳಗೆ ಮೊನೆಗಳಿರುವ ಜಾಲರಿ ಬಾಗಿಲು. ಹಳೆಯ ಫ್ರೆಂಚಿನಲ್ಲಿ ‘ಜಾರುವ ಬಾಗಿಲು’ ಎಂದಷ್ಟೇ ಅದರರ್ಥ. ಬ್ರಿಟಿಷ್ ಪಾರ್ಲಿಮೆಂಟಿನ ಲಾಂಛನವನ್ನು ಒಮ್ಮೆ ನೋಡಿದರೆ ಸಾಕು. ಕಿರೀಟದ ಕೆಳಗಿರುವುದು ಅದೇ ಜಾಲರಿ.

ಹೀಗೆ ನೋಡಿದರೆ ಉದ್ದುದ್ದದ ಪದಗಳು ಪಾಪದವು. ಕೋರೆಹಲ್ಲು ತೋರಿಸಿಕೊಂಡೇ ಎದುರು ಬರುತ್ತವೆ, ಓದುಗ ಎಚ್ಚೆತ್ತು ನಿಘಂಟು ತೆಗೆಯುತ್ತಾನೆ. ಮೋಸ ಮಾಡುವುದು ಪರಿಚಿತ ಮುಖದ ಪುಟ್ಟ ಪದಗಳು.

‘ನರ್ವಸ್’ ಅನ್ನೇ ತೆಗೆದುಕೊಳ್ಳಬಹುದು. ಇಂಟರ್‌ವ್ಯೂಗೆ ಹೊರಟ ಹುಡುಗನಿಂದ ಹಿಡಿದು ಹಸೆಮಣೆ ಏರುವ ಹುಡುಗಿಯವರೆಗೆ ಎಲ್ಲರ ಬಾಯಲ್ಲೂ ಇರುವ ಪದ. ಆದರೆ ಸಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಅದಕ್ಕೆ ಕೊಟ್ಟ ಮೊದಲ ಅರ್ಥ ಬಲಿಷ್ಠ, ನರಗಟ್ಟಿಯಾದ ಎಂದು. ಆ ಕಾಲದ ಕಾದಂಬರಿಯಲ್ಲಿ ಯಾರದೋ ತೋಳು ನರ್ವಸ್ ಆಗಿದ್ದರೆ ಆ ತೋಳಿನಿಂದ ದೂರವಿರುವುದು ಕ್ಷೇಮ. ‘ಪ್ರೆಸೆಂಟ್ಲಿ’ ಎಂದರೆ ನಮ್ಮ ಕಚೇರಿಗಳಲ್ಲಿ ಸದ್ಯಕ್ಕೆ. ಅಲ್ಲಿ ತುಸು ಹೊತ್ತಿನಲ್ಲೇ. ‘ವಾಂಟ್’ ಎಂದರೆ ಬಯಕೆಗಿಂತ ಹೆಚ್ಚಾಗಿ ಕೊರತೆ. ‘ಸೆನ್ಸಿಬಲ್’ ಆದವಳು ವಿವೇಕಿಯೇ ಆಗಬೇಕಿಲ್ಲ, ತನಗೇನಾಗುತ್ತಿದೆ ಎಂಬ ಅರಿವು ಇದ್ದವಳು. ‘ಕ್ಲೋಸೆಟ್’ ಬಟ್ಟೆಯ ಬೀರು ಅಲ್ಲ. ಒಬ್ಬರೇ ಕೂತು ಓದುವ, ಪ್ರಾರ್ಥಿಸುವ, ಅಳುವ ಪುಟ್ಟ ಕೋಣೆ. ಇಂಥ ಪದ ಬಂದಾಗ ಓದುಗ ನಿಲ್ಲುವುದೇ ಇಲ್ಲ, ಗೊತ್ತಿದ್ದ ಪದವಲ್ಲವೇ ಎಂದು ಮುಂದೆ ಹೋಗುತ್ತಾನೆ. ನಾಲ್ಕು ಪುಟ ದಾಟಿದ ಮೇಲೆ ಎಲ್ಲೋ ದಾರಿ ತಪ್ಪಿದೆ ಎಂದು ಗೊತ್ತಾಗುತ್ತದೆ, ಎಲ್ಲಿ ಎಂಬುದು ಗೊತ್ತಾಗುವುದಿಲ್ಲ. ವಾಲ್ಪೋಲ್, ಗಾಥಿಕ್ ಕಾದಂಬರಿಗಾರ್ತಿ ಆನ್ ರ‍್ಯಾಡ್‌ಕ್ಲಿಫ್ ಓದುವಾಗ ಇವತ್ತಿನ ಮೊಬೈಲ್ ನಿಘಂಟಿಗಿಂತ ಜಾನ್ಸನ್ನನ ನಿಘಂಟು ಉಪಯೋಗ. ಅಮೆರಿಕದ ಪೋ ಓದುವಾಗ ನೋಹ ವೆಬ್‌ಸ್ಟರ್‌ನ 1828ರ ನಿಘಂಟು. ಎರಡೂ ಈಗ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ.

‘ಹಾರಿಡ್’ ಎಂಬ ಪದದ ಕತೆ ಇನ್ನೂ ಮಜವಾಗಿದೆ. ಜೇನ್ ಆಸ್ಟಿನ್ನಳ ‘ನಾರ್ಥ್ಯಾಂಗರ್ ಅಬ್ಬೆ’ಯಲ್ಲಿ ಬಾತ್ ಊರಿನಲ್ಲಿ ಒಬ್ಬ ಹುಡುಗಿ, ತಾನೂ ಗೆಳತಿ ಕ್ಯಾಥರೀನಳೂ ಓದಲಿರುವ ಏಳು ಕಾದಂಬರಿಗಳ ಪಟ್ಟಿ ಹೇಳುತ್ತಾಳೆ. ಅವೆಲ್ಲವೂ ಹಾರಿಡ್ ತಾನೇ, ಖಾತ್ರಿಯೇ ಎಂದು ಕ್ಯಾಥರೀನ್ ಆಸೆಯಿಂದ ವಿಚಾರಿಸುತ್ತಾಳೆ. ಘೋರ ಎಂಬುದು ಅಲ್ಲಿ ಶಿಫಾರಸು! ನಮ್ಮವರು ಊಟ ಭಯಂಕರ ಚೆನ್ನಾಗಿತ್ತು ಎನ್ನುವುದಿಲ್ಲವೇ, ಹಾಗೆ. ಆ ಏಳೂ ಆಸ್ಟಿನ್ ಗೇಲಿಗೆಂದು ಕಟ್ಟಿದ ಹೆಸರುಗಳು ಎಂದು ಬಹುಕಾಲ ಭಾವಿಸಲಾಗಿತ್ತು. 20ನೆಯ ಶತಮಾನದಲ್ಲಿ ಹುಡುಕಿದಾಗ ಏಳೂ ನಿಜವಾದ ಪುಸ್ತಕಗಳೇ ಎಂದು ಬೆಳಕಿಗೆ ಬಂತು.

ಹಾರಿಡ್, ಹಾರರ್ ಎರಡರ ತಾಯಿಬೇರು ಲ್ಯಾಟಿನ್ನಿನ ‘ಹಾರೇರೆ’. ಕೂದಲು ನಿಮಿರುವುದು ಎಂದರ್ಥ. ಕನ್ನಡಿಗನಿಗೆ ಇಲ್ಲಿ ಒಂದು ಗುಪ್ತನಿಧಿ ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಇರಬೇಕು ಎಂದು ವಿಲಿಯಂ ಜೋನ್ಸ್ ಕಲಕತ್ತೆಯಲ್ಲಿ ಹೇಳಿದ್ದು 1786ರಲ್ಲಿ, ಗಾಥಿಕ್ ಕಾದಂಬರಿಗಳ ಸುಗ್ಗಿ ಇನ್ನೇನು ಶುರುವಾಗುವ ಹೊತ್ತಿಗೆ. ಆ ವಂಶಾವಳಿಯಲ್ಲಿ ಹಾರರ್ ಮತ್ತು ಹರ್ಷ ದಾಯಾದಿಗಳು! ನಂಬುವುದು ಕಷ್ಟ. ಆದರೆ ‘ಹೃಷ್’ ಧಾತುವಿಗೂ ರೋಮ ನಿಮಿರುವುದೇ ಅರ್ಥ. ಕುರುಕ್ಷೇತ್ರದಲ್ಲಿ ಅರ್ಜುನನಿಗೆ ಆದ ರೋಮಹರ್ಷ ಸಂತೋಷದ್ದೇನೂ ಆಗಿರಲಿಲ್ಲ. ಪುರಾಣ ಹೇಳುವ ಸೂತನಿಗೆ ರೋಮಹರ್ಷಣ ಎಂದು ಹೆಸರು ಬಂದದ್ದು ಕೇಳುಗರ ಮೈಗೂದಲು ನಿಲ್ಲಿಸುತ್ತಿದ್ದನೆಂದು. ಇನ್ನು ಅಚ್ಚಗನ್ನಡದ ‘ಮೈ ನವಿರೇಳು’ ಎಂಬ ಮಾತಂತೂ ಹಾರೇರೆಗೆ ಪಡಿಯಚ್ಚು. ನವಿರು ಎಂದರೆ ಕೂದಲು. ಹಾರರ್ ಎಂಬುದನ್ನು ಭಯ ಎಂದು ಬರೆದುಕೊಂಡವನ ಕೈಗೆ ಸಿಕ್ಕಿದ್ದು ಸಪ್ಪೆ ಅರ್ಥ. ಮೈ ನವಿರೆದ್ದಿತು ಎಂದು ಬರೆದುಕೊಂಡವನಿಗೆ ಪದ ಚರ್ಮಕ್ಕೇ ಇಳಿಯಿತು.

‘ಟೆರರ್’ನ ಬಂಧು ತ್ರಾಸ. ಮೂಲದಲ್ಲಿ ನಡುಕ ಎಂಬ ಅರ್ಥ. ಧಾರವಾಡದವರು ಬಸ್ಸು ಸಿಗದಿದ್ದರೂ ಭಾಳ ತ್ರಾಸ ಆತ್ರೀ ಎನ್ನುವಾಗ ಆ ನಡುಕ ಸವೆದು ಬರೀ ತೊಂದರೆಯಾಗಿ ಉಳಿದಿದೆ. ಈ ಎರಡು ಪದಗಳ ವ್ಯತ್ಯಾಸವನ್ನು ಆನ್ ರ‍್ಯಾಡ್‌ಕ್ಲಿಫ್ ಒಂದು ಪ್ರಬಂಧದಲ್ಲಿ ಬಿಡಿಸಿಟ್ಟಳು. ಅವಳು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾಯಿತು. ಟೆರರ್ ಮನಸ್ಸನ್ನು ಹಿಗ್ಗಿಸಿ ಎಚ್ಚರಿಸುತ್ತದೆ, ಹಾರರ್ ಅದನ್ನು ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ ಎಂಬುದು ಅವಳ ಮತ. ಅವಳ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ಗೆ ಪ್ರಕಾಶಕರು 1794ರಲ್ಲಿ 500 ಪೌಂಡು ಕೊಟ್ಟರು, ಆ ಕಾಲಕ್ಕೆ ಕೇಳಿದವರು ಹುಬ್ಬೇರಿಸುವ ಮೊತ್ತ. ಅದರಲ್ಲಿ ನಾಯಕಿ ಎಮಿಲಿ ಒಂದು ಕಪ್ಪು ಪರದೆ ಸರಿಸಿ ನೋಡಿ ಮೂರ್ಛೆ ಹೋಗುತ್ತಾಳೆ. ಪರದೆಯ ಹಿಂದೆ ಏನಿತ್ತು ಎಂದು ಓದುಗನಿಗೆ ಗೊತ್ತಾಗುವುದು ನೂರಾರು ಪುಟಗಳ ನಂತರ. ಅದು ಮೇಣದ ಬೊಂಬೆ! ಅಷ್ಟು ಪುಟಗಳ ಕಾಯುವಿಕೆ ಟೆರರ್. ಪರದೆ ಸರಿದ ಆ ಕ್ಷಣ ಹಾರರ್. ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವಿವರಣೆ ಯಾವ ನಿಘಂಟಿನಲ್ಲೂ ಇಲ್ಲ. ಅಂದಹಾಗೆ, ಇಟಲಿಯ ಬೆಟ್ಟ, ಕೋಟೆ, ದರೋಡೆಕೋರರನ್ನು ಅಷ್ಟು ಸೊಗಸಾಗಿ ಬಣ್ಣಿಸಿದ ಆ ಮಹಾತಾಯಿ ಇಟಲಿಯನ್ನು ನೋಡಿಯೇ ಇರಲಿಲ್ಲ. ಚಿತ್ರಗಳಿಂದ, ಪ್ರವಾಸಕಥನಗಳಿಂದ ಪದ ಆಯ್ದುಕೊಂಡವಳು ಅವಳೂ.

ಈ ಬಂಧುತ್ವದ ಆಟಕ್ಕೂ ಒಂದು ಮಿತಿ ಇದೆ. ‘ವಿಯರ್ಡ್’ ಪದ ಸಂಸ್ಕೃತದ ‘ವೃತ್’ ಧಾತುವಿನ, ಎಂದರೆ ನಮ್ಮ ವರ್ತನೆ, ಆವರ್ತಗಳ ಬಳಗ. ತಿರುಗುವುದು ಎಂಬಲ್ಲಿಂದ ಹೊರಟು ಹಳೆಯ ಇಂಗ್ಲಿಷಿನಲ್ಲಿ ವಿಧಿ ಎಂದಾಗಿ, ‘ಮ್ಯಾಕ್‌ಬೆತ್’ನ ಮೂವರು ಮಾಟಗಾತಿಯರ ದೆಸೆಯಿಂದ ವಿಲಕ್ಷಣ ಎಂಬ ಅರ್ಥಕ್ಕೆ ಬಂತು. ಬೇರು ಗೊತ್ತಿದ್ದರೆ ಪದ ಮರೆಯುವುದಿಲ್ಲ, ಅಷ್ಟೇ. ಇವತ್ತಿನ ಅರ್ಥವನ್ನು ವಾಕ್ಯವೇ ಹೇಳಬೇಕು. ಗ್ರೀಕರ ‘ಡೈಮನ್’ ಒಳ್ಳೆಯದೂ ಅಲ್ಲದ ಕೆಟ್ಟದ್ದೂ ಅಲ್ಲದ ಒಂದು ಶಕ್ತಿಯಾಗಿತ್ತು, ಇಂಗ್ಲಿಷಿಗೆ ಬರುವಷ್ಟರಲ್ಲಿ ‘ಡೀಮನ್’ ಆಗಿ ಕೆಟ್ಟಿತು. ನಮ್ಮಲ್ಲೂ ದೈವವೇ ತದ್ಭವವಾಗಿ ದೆವ್ವವಾಯಿತಲ್ಲ. ತುಳುನಾಡಿನವರು ಮಾತ್ರ ದೈವವನ್ನು ದೈವವಾಗಿಯೇ ಉಳಿಸಿಕೊಂಡರು.

ಎಡ್ಗರ್ ಅಲನ್ ಪೋ 1839ರಲ್ಲಿ ಪ್ರಕಟಿಸಿದ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’ ಕತೆಯಲ್ಲಿ ಎಡವುವವರು ‘ಟಾರ್ನ್’ ಎಂಬಲ್ಲಿ ಎಡವುತ್ತಾರೆ. ಬೆಟ್ಟದ ಮಡಿಲಲ್ಲಿರುವ ಸಣ್ಣ ಕೊಳ ಅದು. ಉತ್ತರ ಇಂಗ್ಲೆಂಡಿನ ಆಡುಮಾತಿಗೆ ಸ್ಕ್ಯಾಂಡಿನೇವಿಯಾದಿಂದ ಬಂದ ಪದ. ನಿಜವಾಗಿ ಗಮನಿಸಬೇಕಾದ್ದು ಹೆಸರಿನಲ್ಲೇ ಇರುವ ‘ಹೌಸ್’. ಅದು ಕಟ್ಟಡವೂ ಹೌದು, ವಂಶವೂ ಹೌದು. ಕೊನೆಗೆ ಎರಡೂ ಒಟ್ಟಿಗೇ ಕುಸಿಯುತ್ತವೆ. ಮನೆ ಎಂಬ ಪದದೊಳಗಿಂದಲೇ ಮನೆತನ ಎಂಬುದನ್ನು ಹುಟ್ಟಿಸಿಕೊಂಡ ಕನ್ನಡದ ಓದುಗನಿಗೆ ಈ ಶ್ಲೇಷೆಗೆ ಅಡಿಟಿಪ್ಪಣಿ ಬೇಕಿಲ್ಲ.

ಹಾಗಾದರೆ ಪ್ರತಿ ಪದಕ್ಕೂ ನಿಂತು ನೋಡಬೇಕೇ? ನೋಡಿದರೆ ಕತೆ ಸತ್ತಿತು. ಎಡ್ಮಂಡ್ ಬರ್ಕ್ 1757ರಲ್ಲೇ ಭವ್ಯತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಭಯ ಹುಟ್ಟಬೇಕಾದರೆ ಅಸ್ಪಷ್ಟತೆ ಬೇಕು, ಅಪಾಯದ ಪೂರ್ತಿ ಅಳತೆ ಸಿಕ್ಕರೆ ಹೆದರಿಕೆ ಇಳಿಯುತ್ತದೆ ಎಂದಿದ್ದ. ಮೊದಲ ಓದಿನಲ್ಲಿ ಅರ್ಧ ತಿಳಿದು ಅರ್ಧ ತಿಳಿಯದ ಪದಗಳು ಮಬ್ಬಿನಲ್ಲಿ ನಿಂತಿರಲಿ, ಅವೂ ಕತೆಯ ಕತ್ತಲೆಯ ಪಾಲು. ಮೂರನೆಯ ಸಲ ಎದುರಾದಾಗಲೂ ಗುರುತು ಹತ್ತದಿದ್ದರೆ ಆಗ ನಿಘಂಟು ತೆರೆದರಾಯಿತು.

ನಿಘಂಟನ್ನು ಬಗಲಲ್ಲಿಟ್ಟುಕೊಂಡೇ ಹೊರಟ ಒಬ್ಬ ನಾಯಕನೂ ಗಾಥಿಕ್ ಸಾಹಿತ್ಯದಲ್ಲಿದ್ದಾನೆ, ಅವನ ಗತಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಪ್ರಕಟವಾದದ್ದು 1897ರಲ್ಲಿ, ಮಂಗಳೂರಿನಲ್ಲಿ ಕಿಟೆಲರ ಕನ್ನಡ ನಿಘಂಟು ಹೊರಬಂದ ಮೂರು ವರ್ಷಕ್ಕೆ. ಇಂಗ್ಲೆಂಡಿನ ಎಕ್ಸೆಟರ್ ಊರಿನ ಹೊಸ ವಕೀಲ ಜೊನಾಥನ್ ಹಾರ್ಕರ್ ಟ್ರಾನ್ಸಿಲ್ವೇನಿಯಾದ ಒಂದು ಛತ್ರದ ಮುಂದೆ ಕುದುರೆಗಾಡಿ ಹತ್ತಿ ಕುಳಿತಾಗ ಸುತ್ತ ನೆರೆದ ಜನ ಅವನನ್ನೇ ನೋಡಿ ಮರುಕದಿಂದ ಏನೋ ಪಿಸುಗುಡುತ್ತಾರೆ. ಅವನು ಮೆಲ್ಲಗೆ ಚೀಲದಿಂದ ಬಹುಭಾಷಾ ನಿಘಂಟು ತೆಗೆದು ಹುಡುಕುತ್ತಾನೆ. ‘ಆರ್ಡಾಗ್’, ಸೈತಾನ. ‘ಪೊಕೊಲ್’, ನರಕ. ‘ಸ್ಟ್ರೆಗೊಯಿಕಾ’, ಮಾಟಗಾತಿ. ಇನ್ನೊಂದು, ತೋಳಮನುಷ್ಯ ಇಲ್ಲವೇ ರಕ್ತ ಹೀರುವ ಪ್ರೇತ. ಅಷ್ಟೂ ಅರ್ಥ ಕೈಯಲ್ಲಿದೆ! ಆದರೂ ಮಹಾಶಯ ಈ ಮೂಢನಂಬಿಕೆಗಳ ಬಗ್ಗೆ ಕೌಂಟ್ ಡ್ರಾಕುಲಾನನ್ನೇ ಕೇಳಬೇಕು ಎಂದು ಡೈರಿಯಲ್ಲಿ ಗುರುತು ಹಾಕಿಕೊಂಡು ಮುಂದೆ ಸಾಗುತ್ತಾನೆ. ಪದದ ಅರ್ಥ ಗೊತ್ತು, ಅದನ್ನು ಯಾರ ಬಗ್ಗೆ ಆಡಿದರು ಎಂಬುದು ಗೊತ್ತಿಲ್ಲ.

ಕೋಟೆಯಲ್ಲಿ ಕಾಯುತ್ತಿರುವವನದು ಇದಕ್ಕೆ ವಿರುದ್ಧ ಸಂಕಟ. ಡ್ರಾಕುಲಾನ ಗ್ರಂಥಾಲಯದ ತುಂಬ ಇಂಗ್ಲಿಷ್ ಪುಸ್ತಕಗಳು: ಇತಿಹಾಸ, ಕಾನೂನು, ಸಸ್ಯಶಾಸ್ತ್ರ, ಕಡೆಗೆ ಲಂಡನ್ ಡೈರೆಕ್ಟರಿ, ಪಂಚಾಂಗದಂಥ ವಿಟೇಕರ್ಸ್ ಆಲ್ಮನಾಕ್ ಕೂಡ. ವ್ಯಾಕರಣ ಗೊತ್ತು, ಪದ ಗೊತ್ತು, ನಾಲಿಗೆ ಮಾತ್ರ ಹೊರಳದು. ಲಂಡನ್ ಬೀದಿಯಲ್ಲಿ ಬಾಯಿ ತೆರೆದ ಕೂಡಲೇ ಪರಕೀಯ ಎಂದು ಯಾರೂ ಗುರುತಿಸಬಾರದು, ಅದಕ್ಕಾಗಿ ಹಾರ್ಕರ್ ಕೆಲಕಾಲ ತಂಗಿದ್ದು ತನ್ನ ಉಚ್ಚಾರ ತಿದ್ದಬೇಕು ಎಂದು ಕೋರುತ್ತಾನೆ. ಇಷ್ಟು ಶ್ರದ್ಧೆಯ ಇಂಗ್ಲಿಷ್ ವಿದ್ಯಾರ್ಥಿ ಯಾವ ಮೇಷ್ಟ್ರಿಗೂ ಸಿಕ್ಕಿರಲಾರ. ಧ್ವನಿಯೇ ಎಲ್ಲ ಎಂಬುದನ್ನು ಬಾನುಲಿಯವರಿಗೆ ಹೇಳಿಕೊಡಬೇಕಿಲ್ಲ. 1938ರ ಜುಲೈ 11ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ ತನ್ನ ಹೆಸರಾಂತ ಬಾನುಲಿ ನಾಟಕಮಾಲೆಯನ್ನು ತೆರೆದದ್ದು ಡ್ರಾಕುಲಾದಿಂದಲೇ. ಗಾಥಿಕ್ ಗದ್ಯದ ಉದ್ದುದ್ದ ವಾಕ್ಯಗಳನ್ನು ಗಟ್ಟಿಯಾಗಿ ಓದಿದಾಗ, ಕಣ್ಣಿಗೆ ಕಗ್ಗಂಟಾಗಿ ಕಂಡದ್ದು ಎಷ್ಟೋ ಸಲ ಉಸಿರಿನ ತಾಳಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ.

ಇಂಗ್ಲಿಷರಿಗೇ ಅರ್ಥವಾಗದ ಮಾತೂ ಡ್ರಾಕುಲಾದಲ್ಲಿದೆ. ವಿಟ್ಬಿ ಬಂದರಿನ ಮುದುಕ ಸ್ವೇಲ್ಸ್ ಆಡುವ ಯಾರ್ಕ್‌ಶೈರ್ ಭಾಷೆಯನ್ನು ಸ್ಟೋಕರ್ ಆ ಊರಿನ ಒಂದು ಪದಕೋಶದಿಂದ ಗೀಚಿಕೊಂಡಿದ್ದ. ಆ ಟಿಪ್ಪಣಿಗಳು ಈಗಲೂ ಫಿಲಡೆಲ್ಫಿಯಾದ ರೋಸನ್‌ಬಾಕ್ ಸಂಗ್ರಹಾಲಯದಲ್ಲಿವೆ. ‘ನೊಸ್ಫೆರಾಟು’ ಎಂಬ ಪದವನ್ನು ಅವನು ಎತ್ತಿಕೊಂಡದ್ದು ಎಮಿಲಿ ಜೆರಾರ್ಡ್ 1885ರಲ್ಲಿ ಬರೆದ ಲೇಖನದಿಂದ; ಹಾಗೆಂಬ ಪದ ರೊಮೇನಿಯನ್ ಭಾಷೆಯಲ್ಲಿ ಹುಡುಕಿದವರಿಗೆ ಸಿಕ್ಕಿಲ್ಲ, ತಪ್ಪಾಗಿ ಕೇಳಿಸಿಕೊಂಡದ್ದಿರಬೇಕು. ತಪ್ಪು ಪದವೇ ಜಗತ್ತನ್ನು ಹೆದರಿಸಿತು. ನಮ್ಮ ಬೇತಾಳನಿಗೂ ಇಂಥದೇ ಪ್ರಸಂಗ ಒದಗಿತ್ತು. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮನ ಕತೆಗಳನ್ನು ಇಂಗ್ಲಿಷಿಗೆ ತರುವಾಗ ಪುಸ್ತಕಕ್ಕೆ ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಎಂದು ಹೆಸರಿಟ್ಟ. ಮರಕ್ಕೆ ತಲೆಕೆಳಗಾಗಿ ನೇತಾಡುತ್ತ ಒಗಟು ಹಾಕುವ ಬೇತಾಳ ಯಾರ ಕತ್ತಿಗೂ ಬಾಯಿ ಹಾಕಿದವನಲ್ಲ; ಅವನಿಗೆ ಬೇಕಾದ್ದು ಉತ್ತರ.

ಮತ್ತೆ ಆ ಗೂಡಿಗೆ. ಬೆಂಕಿ, ಹಾಲು, ರೊಟ್ಟಿ, ಸೌದೆಯ ನಂತರ ಅವನು ಕಲಿತದ್ದು ಮನೆಯವರ ಹೆಸರು. ಮುದುಕನಿಗೆ ಅಪ್ಪ ಎಂಬ ಒಂದೇ ಹೆಸರು. ಹುಡುಗಿ ಅಗಾಥಾ, ಇಲ್ಲವೇ ತಂಗಿ. ಹುಡುಗ ಫೀಲಿಕ್ಸ್, ಅಣ್ಣ, ಮಗ. ಒಳ್ಳೆಯ, ಪ್ರಿಯ, ದುಃಖಿ ಎಂಬ ಪದಗಳು ಕಿವಿಗೆ ಬೀಳುತ್ತಿದ್ದವು, ಅವನ್ನು ಯಾವುದಕ್ಕೆ ಕಟ್ಟಬೇಕೆಂದು ತಿಳಿಯುತ್ತಿರಲಿಲ್ಲ. ವಸಂತದಲ್ಲಿ ಸಾಫಿ ಎಂಬ ಅರಬ್ ಹುಡುಗಿ ಬಂದಳು. ಅವಳಿಗೆ ಫೀಲಿಕ್ಸ್ ವೋಲ್ನಿಯ ಇತಿಹಾಸಗ್ರಂಥ ಓದಿ ಮಾತು ಕಲಿಸುವಾಗ ಗೋಡೆಯಾಚೆ ಈ ಎರಡನೆಯ ಶಿಷ್ಯನೂ ಕೇಳಿಸಿಕೊಂಡ. ಅವಳಿಗಿಂತ ಬೇಗ ಕಲಿತೆ ಎಂದು ಜಂಬವನ್ನೂ ಪಟ್ಟ. ಆ ಭಾಷೆ ಫ್ರೆಂಚ್. ಇಂಗ್ಲಿಷ್ ಕಾದಂಬರಿಯಲ್ಲಿ ಅವನ ಮಾತು ಇಂಗ್ಲಿಷಿನಲ್ಲಿ ಅಚ್ಚಾಗಿರುವುದರಿಂದ ಇದನ್ನು ಹೆಚ್ಚಿನವರು ಮರೆತೇಬಿಡುತ್ತಾರೆ.

ಒಂದು ದಿನ ಮಕ್ಕಳೆಲ್ಲ ಹೊರಗೆ ಹೋದಾಗ ಅವನು ಬಾಗಿಲು ತಟ್ಟಿ ಒಳಗೆ ಬರುತ್ತಾನೆ. ಮುದುಕನಿಗೆ ಕಣ್ಣಿಲ್ಲ, ಎಂಟಡಿಯ ಮೈ, ಹಳದಿ ಚರ್ಮ, ಯಾವುದೂ ಕಾಣದು. ಬಾನುಲಿಯ ಮುಂದೆ ಕುಳಿತ ಕೇಳುಗನ ಹಾಗೆ ದನಿಯೊಂದನ್ನೇ ಕೇಳುತ್ತಾನೆ. ದಣಿದ ದಾರಿಹೋಕ ಎಂದುಕೊಂಡು ಬೆಂಕಿಯ ಬಳಿ ಕೂರಿಸುತ್ತಾನೆ. ಬಂದವನ ನಾಲ್ಕು ಮಾತು ಕೇಳಿ, ನಿನ್ನ ನುಡಿ ನೋಡಿದರೆ ನಮ್ಮ ಕಡೆಯವನ ಹಾಗಿದೆ, ನೀನು ಫ್ರೆಂಚನೇ ಎಂದು ವಿಚಾರಿಸುತ್ತಾನೆ. ಅಲ್ಲ, ಒಂದು ಫ್ರೆಂಚ್ ಮನೆಯವರಿಂದ ಕಲಿತೆ ಎನ್ನುತ್ತಾನೆ ಅವನು. ಮಾತು ಮುಂದುವರಿಯುತ್ತದೆ. ಅಷ್ಟರಲ್ಲಿ ಹೊರಗೆ ಹೆಜ್ಜೆ ಸದ್ದು. ಬಾಗಿಲು ತೆರೆದು ಫೀಲಿಕ್ಸ್, ಸಾಫಿ, ಅಗಾಥಾ ಒಳಗೆ ಬರುತ್ತಾರೆ.